ಕಾನಿನಿಂದ ಏನೂ ತರುವುದಿಲ್ಲ

ಎಪ್ಪತ್ತಾರನೆಯ ಇಸವಿಯ ಪುಷ್ಯಮಾಸ. ಸೊರಬ ಸೀಮೆಯ ಉಳವಿಯ ತನ್ನ ಮನೆಯಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದ ನೀಲಾಂಬಿಕ, ಪ್ಯಾಂಟು ತೊಟ್ಟವರೊಬ್ಬರು ಬರುವುದನ್ನು ಕಂಡು ಗಡಿಬಿಡಿಯಿಂದ ಅದರ ಮೇಲೆ ಚಾಪೆ ಮುಚ್ಚಿದಳು.

ಬಂದವನು ಶಿಕಾರಿಪುರದ ಜವಳಿ ವ್ಯಾಪಾರಿಗಳ ಮಗ ಪರಮಶಿವಪ್ಪ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಸರ್ಕಾರದ ಸರ್ವೆ ಕೆಲಸಕ್ಕೆ ಸೇರಿದ್ದ. ಊರ ಪಕ್ಕದಲ್ಲಿ ಹಿರಿಯರು ದೇವರ ಹೆಸರಿನಲ್ಲಿ ಉಳಿಸಿಕೊಂಡು ಬಂದ ದಟ್ಟ ಕಾಡು, ಅದೇ ಕಾನು. ಅದರಿಂದ ಯಾವ ಮನೆಗೆ ಏನು ಬರುತ್ತದೆ ಎಂದು ಮನೆಮನೆ ತಿರುಗಿ ಕೇಳುತ್ತಿದ್ದ. ಏತಕ್ಕೆ ಕೇಳುತ್ತಿದ್ದೇನೆಂದು ಮಾತ್ರ ಬಾಯಿ ಬಿಡಬಾರದೆಂದು ಮೇಲಿನವರ ಕಟ್ಟಪ್ಪಣೆ. ಹೇಳಿದರೆ ಜನ ಇಲ್ಲದ್ದನ್ನೂ ಸೇರಿಸಿ ಹೇಳುತ್ತಾರೆಂದು ಅವರ ಭಯ.

"ಕಾನಿಂದ ಏನೇನು ತರ್ತೀರ್ರೀ?"

ನೀಲಾಂಬಿಕ ತಲೆಯೆತ್ತಿದಳು. ಅವನ ಕಣ್ಣಿನಲ್ಲಿ ಓದಿದವರ ಬಿಗುಮಾನವಿರಲಿಲ್ಲ. ಅದೇ ತೊಂದರೆಯಾಯಿತು. ತಂದೆ ಲಿಂಗೈಕ್ಯರಾದ ಮೇಲೆ ತಾಯಿ ಮಗಳು ಜೀವ ಹಿಡಿದುಕೊಂಡದ್ದು ಕಾನಿನ ಮೆಣಸು, ಹುಳಿಗೆ ಹಾಕುವ ಉಪ್ಪಾಗೆ ಕಾಯಿ, ಜೇನಿನಿಂದಲೇ. ಇಂಥವನ ಎದುರಿಗೆ ಅದನ್ನು ಹೇಗೆ ಹೇಳುವುದು?

"ಏನೂ ತರಲ್ಲ. ನಾವು ಗದ್ದೆಯವರು."

"ಸೌದೆ?"

"ಇಲ್ಲ."

"ಮುಡಿಯೋಕೆ ಹೂವು?"

"ಸರ್ಕಾರಕ್ಕೆ ಹೂವಿನ ಲೆಕ್ಕಾನೂ ಬೇಕಾ?"

"ಸರ್ಕಾರಕ್ಕೆ ಬೇಡ," ಎಂದು ಅವನು ಮೆಲ್ಲಗೆ ನಕ್ಕ.

ಅವನ ನೋಟ ತನ್ನ ಕೈಗಳ ಮೇಲೆ ನಿಂತದ್ದು ಕಂಡು ಅವಳು ಕೈಗಳನ್ನು ಸೆರಗಿನಲ್ಲಿ ಅಡಗಿಸಿದಳು. ಕೆನ್ನೆ ಬಿಸಿಯಾಯಿತು.

ಆಮೇಲೆ ಅವನು ಬರುತ್ತಲೇ ಇದ್ದ. ಒಮ್ಮೆ ನೀರು ಕೇಳಿಕೊಂಡು, ಒಮ್ಮೆ ಪೆನ್ನು ಬಿಟ್ಟುಹೋದೆನೆಂದು. "ನಿಮ್ಮ ಸರ್ಕಾರಕ್ಕೆ ಮರೆವು ಜಾಸ್ತಿ ಕಣಪ್ಪ," ಎಂದು ತಾಯಿ ವೀರಮ್ಮ ಒಳಗಿನಿಂದಲೇ ಅಂದರು. ನೀಲಾಂಬಿಕ ಬಾಗಿಲ ಹಿಂದೆ ನಿಂತು ನಗು ತಡೆದುಕೊಂಡಳು.

ಬೇಸಿಗೆ ಕಾಲಿಡುವಾಗ ಪಕ್ಕದ ಮನೆಯ ಗುತ್ಯಪ್ಪ ಸೊರಬದಿಂದ ಬಂದವನು ಜಗಲಿಯ ಮೇಲೆ ಕುಸಿದು ಕೂತ.

"ಕಾನು ಹೋಯ್ತು ವೀರಮ್ಮ. ಪ್ಲೈವುಡ್ ಕಾರ್ಖಾನೆಗೆ ಕೊಡ್ತಾರಂತೆ. ಉಳವಿಲಿ ಒಂದು ಮನೆಗೂ ಕಾನಿನ ಹಂಗಿಲ್ಲ ಅಂತ ನಾವೇ ಹೇಳಿದೀವಂತೆ. ಸೋಮವಾರ ಸೊರಬದಾಗೆ ಕಡೇ ಸಭೆ."

"ನೀನೇನು ಹೇಳಿದ್ದೆ ಗುತ್ಯಪ್ಪಣ್ಣ?" ನೀಲಾಂಬಿಕ ಕೇಳಿದಳು.

"ಏನೂ ತರಲ್ಲ ಅಂದೆ. ಮಗಳಿಗೆ ಗಂಡು ನೋಡ್ತಿದೀನಲ್ಲವ್ವ, ಕಾಡಿನಾಗೆ ಹೆಕ್ಕಿ ತಿನ್ನೋರು ಅಂತ ಹೇಳಿಕೊಳ್ಳೋಕೆ ಆಗುತ್ತಾ?"

ಅವಳಿಗೆ ಅಳು ಬರಲಿಲ್ಲ. ತಂದೆಯ ಸಾವಿನ ಸುದ್ದಿ ಬಂದ ದಿನವೂ ಹೀಗೆಯೇ, ಅಳು ಎಷ್ಟೋ ಹೊತ್ತಿನ ಮೇಲೆ ಬಂದಿತ್ತು. ಶಿವನ ಹೆಸರೂ ಬಾಯಿಗೆ ಬರಲಿಲ್ಲ.

ಮರುದಿನ ಪರಮಶಿವಪ್ಪ ಬಂದಾಗ ಅವನ ಮುಖವೂ ಸುಣ್ಣದಂತಿತ್ತು.

"ಕಾನು ಕಡಿಯೋಕೆ ಅಂತಾನಾ ನೀವು ಕೇಳಿದ್ದು?"

"ಉಳಿಸೋಕೆ ಕೇಳಿದ್ದು ಕಣ್ರೀ. ಕಡಿದ ಮರ ಒಂದೇ ಸಲ ದುಡ್ಡು ಕೊಡುತ್ತೆ. ನಿಂತ ಕಾನು ಬಡವರ ಒಲೆ ಉರಿಸುತ್ತೆ, ಗದ್ದೆಗೆ ನೀರು ಬಿಡುತ್ತೆ. ಅದಕ್ಕೂ ಬೆಲೆ ಐತೆ ಅಂತ ತೋರಿಸಿದ್ರೆ ಕೊಡಲಿ ನಿಲ್ತಿತ್ತು."

"ನಾನು ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ನಿಮ್ಮ ಕೈಮೇಲೆ ಕಾನಿನ ಬೆತ್ತದ ಮುಳ್ಳಿನ ಗೀರು ಇದ್ವು."

ನೀಲಾಂಬಿಕ ದಂಗಾದಳು. ಇಷ್ಟು ದಿನ ಎದೆಯಲ್ಲಿಟ್ಟು ಪೂಜಿಸಿದ್ದ ಆ ನೋಟ ನೋಡಿದ್ದು ಮುಳ್ಳಿನ ಗೀರನ್ನೇ?

"ಗೊತ್ತಿದ್ದೂ ಬರೆದ್ರಾ?"

"ನಿಮ್ಮ ಹೆಸರಿನ ಮುಂದೆ ಬಡವರು ಅಂತ ಬರೆಯೋಕೆ ಕೈ ಏಳಲಿಲ್ಲ. ಒಂದು ಮನೆ ತಾನೆ ಅಂದ್ಕೊಂಡೆ. ಎಲ್ಲರೂ ನಿಮ್ಮ ಹಾಗೇ ಮಾನಕ್ಕೆ ಅಂಜಿದ್ರು ಅಂತ ನನಗೆ ಹೊಳೀಲಿಲ್ಲ."

"ನಮ್ಮ ಮಾನ ಉಳಿಸೋಕೆ ಹೋಗಿ ಅನ್ನ ಕಳೆದ್ರಿ," ಎಂದು ಅವಳು ಒಳಗೆ ಹೋದಳು. ಆಗ ಅಳು ಬಂತು. ಅವನ ಮೇಲಿನ ಸಿಟ್ಟಿಗೋ, ಇಷ್ಟೊಂದು ಪ್ರೀತಿಸಿದನಲ್ಲ ಎಂಬುದಕ್ಕೋ, ಬಿಡಿಸಿ ಹೇಳಲು ಅವಳಿಂದಾಗುತ್ತಿರಲಿಲ್ಲ.

ಸೋಮವಾರ ಅವಳು ಬಸ್ಸಿಗೆ ಹೊರಟಾಗ ಗುತ್ಯಪ್ಪ ಅಡ್ಡ ಬಂದ. "ಆ ಸರ್ವೆ ಹುಡುಗ ಯಾಕೆ ಬರ್ತಾನೆ ಅಂತ ಊರಿಗೇ ಗೊತ್ತು. ಅಲ್ಲಿ ಬಾಯಿ ಬಿಟ್ಟರೆ ಶಿಕಾರಿಪುರದ ಸಂಬಂಧ ಮರೀಬೇಕು. ಆ ಜವಳಿ ಸಾಹುಕಾರ್ರು ಇಂಥ ಮನೆ ಹೆಣ್ಣು ತರ್ತಾರಾ?"

"ಮರೀತೀನಿ," ಎಂದಳು. ವೀರಮ್ಮನೂ ಸೆರಗು ಹೊದ್ದು ಅವಳ ಹಿಂದೆ ನಡೆದರು.

ಸಭೆಯಲ್ಲಿ ಪರಮಶಿವಪ್ಪನ ಮೇಲಿನ ಸಾಹೇಬರಾದ ಸದಾಶಿವಪ್ಪ ಕಾಗದ ಓದುತ್ತಿರುವಾಗಲೇ ಅವಳು ಎದ್ದು ನಿಂತಳು. ಗಂಡಸರ ನಡುವೆ ಹೆಣ್ಣು ಎದ್ದದ್ದಕ್ಕೇ ಎಲ್ಲರೂ ತಿರುಗಿ ನೋಡಿದರು.

"ನಾವು ಬದುಕಿರೋದು ಕಾನಿನ ಮೇಲೆ, ಸ್ವಾಮಿ. ಗದ್ದೆಯ ಭತ್ತ ಬೇಸಿಗೆ ತನಕ ಬರಲ್ಲ. ಹೇಳಿಕೊಳ್ಳೋಕೆ ನಾಚಿಕೆಯಾಗಿ ಇಲ್ಲ ಅಂದಿದ್ದೆ."

ಗುತ್ಯಪ್ಪ ತಲೆ ತಗ್ಗಿಸಿ ಎದ್ದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು.

ಕೊನೆಗೆ ಪರಮಶಿವಪ್ಪ ಎದ್ದ. "ತಪ್ಪು ನನ್ನದು ಸಾರ್. ಇವರ ಮನೇದು ಸುಳ್ಳು ಅಂತ ತಿಳಿದೂ ಬರೆದೆ."

ಸದಾಶಿವಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಯ್ಯಾ ಹೇಳ್ತಾ ಇದೀಯ? ಕೆಲಸ ಬೇಡವಾ ನಿನಗೆ?"

ಹೊಸಬನೊಬ್ಬ ಮತ್ತೆ ಮನೆಮನೆಗೆ ಹೋಗಿ ಕೇಳಬೇಕು, ಅಲ್ಲಿಯವರೆಗೆ ಒಂದು ಮರಕ್ಕೂ ಕೊಡಲಿ ತಾಗಿಸಬಾರದು, ಪರಮಶಿವಪ್ಪ ಇಂದಿನಿಂದ ಮನೆಯಲ್ಲಿರಬಹುದು ಎಂದು ಅಪ್ಪಣೆಯಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವನು ಒಂಟಿಯಾಗಿ ನಿಂತಿದ್ದ. ನೀಲಾಂಬಿಕ ಹತ್ತಿರ ಹೋದಳು.

"ಶಿಕಾರಿಪುರದ ಬಸ್ಸು ಆ ಕಡೆ ನಿಲ್ಲುತ್ತೆ."

"ಗೊತ್ತು. ಅಪ್ಪನಿಗೆ ಯಾವ ಮುಖ ತೋರಿಸಲಿ?"

"ಇನ್ನೂ ಮೆಣಸು ಕೀಳೋದು ಉಳಿದಿದೆ. ಏಣಿ ಹಿಡಿಯೋಕೆ ಒಬ್ರು ಬೇಕಿತ್ತು."

"ನನಗೆ ಬರಲ್ಲರೀ."

"ಕಲಿಸ್ತೀನಿ. ಬೀಳದ ಹಾಗೆ ಹಿಡಿದ್ರೆ ಸಾಕು."

"ಎಷ್ಟು ದಿನ ಹಿಡೀಬೇಕು?"

ಅವಳು ಉಳವಿಯ ಬಸ್ಸು ಹತ್ತಿ ಕಿಟಕಿಯ ಪಕ್ಕಕ್ಕೆ ಸರಿದು ಕೂತು, ಜೊತೆಯ ಜಾಗವನ್ನು ಖಾಲಿ ಬಿಟ್ಟಳು. ಬಸ್ಸಿನಲ್ಲಿದ್ದ ಊರವರೆಲ್ಲ ಮಾತು ನಿಲ್ಲಿಸಿ ನೋಡಿದರು. ಪರಮಶಿವಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೆಯೇ ನಿಂತ.

ಹಿಂದಿನ ಸೀಟಿನಿಂದ ವೀರಮ್ಮ ಅಂದರು, "ಕೂತ್ಕೊಳ್ಳಪ್ಪ. ಬಸ್ಸು ಹೊರಡಬೇಕು."