ಗೆಣಸಿನ ಬಳ್ಳಿ ಎಲ್ಲಿಂದ ಬಂತು

ಸುಳ್ಳು ಕೇಳಿದರೆ ಭಾನುಪ್ರಿಯಾಳಿಗೆ ಮೈಯೆಲ್ಲ ಉರಿಯುತ್ತದೆ. ಆದರೆ ಕಟ್ಟಾಯದ ಕೀರ್ತಿರಾಜನಂಥವನು ಸುಳ್ಳು ಹೇಳಿದ್ದಾನೆಂದರೆ ಉರಿಗಿಂತ ಗೊಂದಲವೇ ಹೆಚ್ಚು. ಅದೂ ಗೆಣಸಿನ ಬಳ್ಳಿಯ ವಿಷಯಕ್ಕೆ!

ಸ್ಕೂಟರ್ ನಿಲ್ಲಿಸಿ ಹೊಲಕ್ಕಿಳಿದಳು. ಕಳೆ ಕೀಳುತ್ತಿದ್ದ ಅವನು ಎದ್ದು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಅವಳ ಮುಖ ನೋಡಿದ, ತಕ್ಷಣ ಗೆಣಸಿನ ಎಲೆ ನೋಡಿದ. ಹೋದ ವರ್ಷ ಅವಳು ರೋಗ ಪರೀಕ್ಷೆಗೆಂದು ಆಲೂಗಡ್ಡೆ ಎಲೆ ಕೀಳಲು ಬಂದಾಗಿನಿಂದಲೂ ಅವನದು ಇದೇ ಚಾಳಿ. ಅವಳನ್ನು ನೋಡಬೇಕೆನಿಸಿದಾಗಲೆಲ್ಲ ಎಲೆ ನೋಡುತ್ತಾನೆ.

“ಏನ್ ಮೇಡಂ, ಯೋಳ್ದೆ ಕೇಳ್ದೆ ಬಂದ್ಬುಟ್ರಿ? ಎಳನೀರು ಕೆಡವ್ಲಾ?”

“ಏನೂ ಬೇಡ. ಈ ಬಳ್ಳಿ ಎಲ್ಲಿಂದ ತಂದ್ರಿ?”

“ಸಂತೇಲಿ.”

“ಯಾವ ಸಂತೆ?”

“ಅರಕಲಗೂಡು ಸಂತೆ.”

“ನನ್ನ ಫಾರಂನಲ್ಲಿ ಹೊಳೆನರಸೀಪುರ ಅಂತ ಬರೆಸಿದ್ದೀರಿ!”

“ಅಂಗಾದ್ರೆ... ಅದೇ ಇರ್ಬೋದು.”

ಅವಳ ಪಾಡು ಅವಳಿಗೆ. ಹಾಸನದ ಪ್ರಯೋಗಾಲಯದಲ್ಲಿ ಅರವತ್ತು ಹೊಲದ ಗೆಣಸಿನ ಎಲೆ ಅರೆದು, ಅದರೊಳಗಿನ ವೈರಸ್ಸುಗಳ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿಸಿದ್ದಳು. ಯಾವ ಪಟ್ಟಿಯಲ್ಲೂ ಇಲ್ಲದ ಹೊಸ ವೈರಸ್ಸೊಂದು ಸಿಕ್ಕಿತ್ತು. ಸಿಕ್ಕಿದ್ದು ಎರಡೇ ಕಡೆ. ಒಂದು, ಕೀರ್ತಿರಾಜನ ಹೊಲ. ಇನ್ನೊಂದು, ರೋಗವಿಲ್ಲದ ಗಿಡವೆಂದು ಹೋಲಿಕೆಗೆ ಇಟ್ಟುಕೊಂಡಿದ್ದ ಬಳ್ಳಿ. ಅದು ಅವಳೂರು ಮೊಸಳೆಯಲ್ಲಿ ಅವಳ ಅಮ್ಮ ಮಲ್ಲಿಗಮ್ಮನೇ ಹಿತ್ತಿಲಲ್ಲಿ ಬೆಳೆಸಿದ್ದು! ಎರಡರಲ್ಲೂ ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

ಮೇಲಿನವರಾದ ಬಸವೇಶ ಸರ್ ಕಡ್ಡಿ ಮುರಿದಂತೆ ಹೇಳಿದ್ದರು: “ಸ್ಯಾಂಪಲ್ ಬೆರಕೆ ಮಾಡ್ಕೊಂಡಿದೀಯ. ಮತ್ತೆ ಓದಿಸೋಕೆ ತಿಂಗಳು ಬೇಕು. ಸೋಮವಾರದೊಳಗೆ ಕಾರಣ ತೋರಿಸು, ಇಲ್ಲಾಂದ್ರೆ ವರ್ಷದ ಕೆಲಸ ಕಸದ ಬುಟ್ಟಿಗೆ.”

“ನಮ್ಮಮ್ಮನ ಹಿತ್ತಿಲ ವೈರಸ್ಸೇ ನಿಮ್ಮ ಹೊಲದಲ್ಲಿದೆ. ಮೊಸಳೆಯಿಂದ ನಡ್ಕೊಂಡು ಬರೋಕೆ ಅದಕ್ಕೆ ಕಾಲಿಲ್ಲ. ತಾಳಿ, ಅಮ್ಮನ್ನೇ ಕೇಳ್ತೀನಿ.”

“ಬ್ಯಾಡ ಮೇಡಂ!” ಅವನ ಕಿವಿ ಕೆಂಪಾದವು.

ಅಷ್ಟರಲ್ಲಿ ಅವಳು ಫೋನ್ ಮಾಡಿ, ಬಳ್ಳಿ ಯಾರಿಗಾದರೂ ಕೊಟ್ಟಿದ್ದೆಯಾ ಎಂದು ಕೇಳಿಯಾಗಿತ್ತು; ಸ್ಪೀಕರಿನಲ್ಲಿ ಮಲ್ಲಿಗಮ್ಮನ ದನಿ ಹೊಲಕ್ಕೆಲ್ಲ ಕೇಳಿಸಿತು. “ಊಂ ಕಣವ್ವ, ಮೊದ್ಲ ಮಳೆ ಬಿದ್ ಮ್ಯಾಕೆ ಒಬ್ಬ ಬಂದಿದ್ದ. ಇಸ್ತ್ರಿ ಸರ್ಟು, ಕೈಲೊಂದು ಚಿಪ್ಪು ಬಾಳೆಅಣ್ಣು. ಕುಂತ ಕುಂತ, ಮೂರು ಚೊಂಬು ನೀರು ಕುಡ್ದ. ಏನಪ್ಪಾ ಬೇಕು ಅಂದ್ರೆ ಗೆಣಸಿನ ಬಳ್ಳಿ ಅಂದ. ಬಳ್ಳಿ ಕೇಳಕ್ಕೆ ಯಾರಾದ್ರೂ ಬಾಳೆಅಣ್ಣು ತತ್ತಾರಾ? ಪಾಪ, ಮಂಕು ಮುಂಡೇದು ಅಂತ ಒಂದ್ ಕಂತೆ ಕಟ್ಟಿ ಕೊಟ್ಟೆ.”

ಭಾನು ಫೋನಿಟ್ಟಳು. ಬೈಯಲು ಬಂದವಳಿಗೆ ಬೈಗುಳ ಒಂದೂ ನೆನಪಾಗಲಿಲ್ಲ.

“ಬಾಳೆಹಣ್ಣು ಯಾಕೆ?”

“ಬರಿ ಕೈಲಿ ಎಣ್ಣು ಕೇಳಕ್ಕೆ ಓಗಬಾರ್ದಲ್ಲ ಮೇಡಂ.” ಈ ಮಾತನ್ನೂ ಅವನು ಎಲೆಗೇ ಹೇಳಿದ. “ನಿಮ್ಮನೆ ಗುಡಿ ಇಂದ್ಲ ಬೀದಿ ಅಂತ ನೀವೇ ಯೋಳಿದ್ರಿ. ಅಲ್ಲಿಗೇ ಓದೆ. ಬಾಯಿ ಕಟ್ಕೋತು. ಎದ್ರಿಗೆ ಬಳ್ಳಿ ಕಾಣುಸ್ತು, ಅದನ್ನೇ ಕೇಳ್ಬುಟ್ಟೆ.”

“ತಂದು ನೆಟ್ಟಿದ್ದೇಕೆ?”

“ನಿಮ್ಮನೇದು. ಬಿಸಾಕಕ್ಕೆ ಮನ್ಸು ಬರ್ನಿಲ್ಲ.”

ನಗು ಬಂತು, ಸಿಟ್ಟೂ ಬಂತು. ಒಂದು ಹೊಲಕ್ಕೆ ಒಂದು ಸಲ ಹೋದರೆ ಸಾಕು. ಇಲ್ಲಿಗೆ ತಾನು ಐದು ಸಲ ಬಂದಿದ್ದೇಕೆ? ಆ ಕಾರಣವನ್ನು ಯಾವ ಮಿಷನ್ನಿಗೆ ಹಾಕಿ ಓದಿಸಬೇಕೋ ಅವಳಿಗೆ ಹೊಳೆಯಲಿಲ್ಲ.

ಫಾರಂ ತೆಗೆದು ‘ಹೊಳೆನರಸೀಪುರ ಸಂತೆ’ ಹೊಡೆದುಹಾಕಿ, ‘ಮಲ್ಲಿಗಮ್ಮನ ಹಿತ್ತಿಲು, ಮೊಸಳೆ’ ಎಂದು ಬರೆದಳು. ಅವನಿಂದ ರುಜು ಹಾಕಿಸಿಕೊಂಡಳು.

“ಇದನ್ನೆಲ್ಲ ಕಿತ್ತು ಸುಡಬೇಕು.”

“ಒಂದೂ ಮಡಿಕಳಂಗಿಲ್ವಾ?”

“ಒಂದೂ ಇಲ್ಲ. ನಮ್ಮ ಹಿತ್ತಿಲೂ ಅಷ್ಟೇ. ಭಾನುವಾರ ಅಗೀಬೇಕು, ಅಮ್ಮನ ಕೈಲಾಗಲ್ಲ. ಗುದ್ದಲಿ ತಗೊಂಡು ಬನ್ನಿ.”

ಈಗ ಅವನು ಎಲೆ ನೋಡಲಿಲ್ಲ. ನೇರ ಅವಳನ್ನೇ ನೋಡಿದ. ಅವಳೇ ತಡಬಡಾಯಿಸಿ ಸ್ಕೂಟರ್ ಹತ್ತಿದಳು.

“ಬಾಳೆಹಣ್ಣೂ ಇರಲಿ,” ಎಂದಳು. “ಈ ಸಲ ಬಳ್ಳಿ ಕೇಳಿದ್ರೆ ಇಲ್ಲ ಅನ್ನು ಅಂತ ಅಮ್ಮನಿಗೆ ಹೇಳಿರ್ತೀನಿ.”