ಕಾಡಿನಲ್ಲಿ ಕೂಗಿದ ಹೆಸರು

ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಮೈಮುನಾ ಜೆರಾಮ್ ಊರಿನ ಪೊಲೀಸ್ ಠಾಣೆಗೆ ಬಂದಳು. ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಕಿತ್ತುಹೋಗಿತ್ತು. ಅವಳ ತಮ್ಮ ಹಸ್ರುಲ್ ಶುಕ್ರವಾರ ಎಂಟು ಜನರ ಚಾರಣ ತಂಡದಲ್ಲಿ ಸೆಂಡು ಬೆಟ್ಟ ಹತ್ತಿದ್ದ. ಭಾನುವಾರ ಸಂಜೆ ಇಳಿದು ಬಂದವರು ಏಳೇ ಜನ.

“ಅವನು ದಾರಿ ತಪ್ಪೋನಲ್ಲ ಮೇಡಂ. ಆ ಬೆಟ್ಟ ಅವನಿಗೆ ನಮ್ಮನೆ ಹಿತ್ತಲಿದ್ದ ಹಾಗೆ.”

ಇನ್ಸ್‌ಪೆಕ್ಟರ್ ರೊಹಾನಿ ಎಫ್‌ಐಆರ್ ಬರೆದುಕೊಂಡರು. ಕಾನ್‌ಸ್ಟೇಬಲ್ ಜಮಿಯಾನ್ ನಮಾಜಿಗೆ ಕಾಲು ತೊಳೆಯುವಾಗ ಹಾಕಿಕೊಳ್ಳುವ ತನ್ನ ಚಪ್ಪಲಿಯನ್ನು ಮೇಜಿನಡಿಯಿಂದ ತೆಗೆದು ಅವಳ ಕಾಲಬಳಿ ಇಟ್ಟ. ಹೊರಗೆ ಬೆಟ್ಟದ ತಲೆ ಮೋಡದೊಳಗೆ ಮುಳುಗಿತ್ತು. ಸಂಜೆಗೆ ಭಾರಿ ಮಳೆಯ ಎಚ್ಚರಿಕೆಯಿತ್ತು. ಮಳೆ ಬಿದ್ದರೆ ಮೇಲಿನ ಕಣಿವೆಗಳೆಲ್ಲ ಅರ್ಧ ಗಂಟೆಯಲ್ಲಿ ಹೊಳೆಗಳಾಗುತ್ತವೆ.

ಎಂಟೂವರೆಗೆ ರಿದುವಾನನನ್ನು ಕರೆಸಿದರು. ವಯಸ್ಸು ಐವತ್ತೆರಡು. ಹಡಗಿನ ಕೆಲಸ ಬಿಟ್ಟು ಬಂದವನು, ತಂಡ ಸೇರಿ ಒಂದು ವರ್ಷವಾಗಿತ್ತು.

“ಸಾಲಿನ ಕೊನೇಲಿ ನಡೀತಿದ್ದವರು ನೀವೇನಾ?”

“ಹೌದು. ನನ್ನ ಹಿಂದೆ ಯಾರೂ ಉಳೀಬಾರದು. ಅದೇ ನನ್ನ ಕೆಲಸ.”

“ಹಸ್ರುಲ್ ಎಲ್ಲಿ ಕಾಣೆಯಾದ್ರು?”

“ಮೂರನೇ ಹೊಳೆ ಹತ್ರ. ನಿನ್ನೆ ಮಧ್ಯಾಹ್ನ ಎರಡೂವರೆ ಇರಬಹುದು. ಮೂತ್ರಕ್ಕೆ ಅಂತ ಪೊದೆ ಹಿಂದೆ ಹೋದ, ಬರಲೇ ಇಲ್ಲ.”

“ನೀವೇನ್ ಮಾಡಿದ್ರಿ?”

“ಗಂಟಲು ಹರಿಯೋ ಹಾಗೆ ಕೂಗಿದೆ. ಹಸ್ರುಲ್, ಹಸ್ರುಲ್ ಅಂತ. ಮುಕ್ಕಾಲು ಗಂಟೆ.”

ರೊಹಾನಿಯವರ ಪೆನ್ನು ನಿಂತಿತು. ಅವರು ಹುಟ್ಟಿದ್ದು ಅದೇ ಬೆಟ್ಟದ ಬುಡದಲ್ಲಿ. ಕಾಡಿನೊಳಗೆ ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಾಡು ಕೇಳಿಸಿಕೊಂಡ ಹೆಸರನ್ನು ತಾನೇ ಇಟ್ಟುಕೊಳ್ಳುತ್ತದೆ ಎಂಬ ಭಯ. ಮೂರು ಸಲ ‘ಕೂ’ ಎನ್ನುತ್ತಾರೆ, ಇಲ್ಲವೇ ಅಡ್ಡಹೆಸರು. ಅವರು ಹೇಳಿಕೆಗೆ ಸಹಿ ಹಾಕಿಸಿಕೊಂಡು ಕಳಿಸಿದರು.

ಆಮೇಲೆ ತಂಡದ ಅಡುಗೆಯವಳು ಲೈಲಿ ಬಂದಳು.

“ಹೆಸರು ಹಿಡಿದು ಕೂಗೋದಾ? ಕಾಡಲ್ಲಿ? ಬಾಯಿಗೆ ಬಟ್ಟೆ ತುರುಕ್ತಿದ್ದೆ! ಅಲ್ಲಿ ನಮಗೆ ಹಸ್ರುಲ್ ಗಡಿಯಾರ ಅಷ್ಟೇ. ಐದು ನಿಮಿಷ ತಡ ಆದ್ರೂ ಮುಖ ಊದಿಸ್ಕೋತಾನೆ. ರಿದುವಾನಣ್ಣ ತಾತ. ನಾನು ಬಾಣಲೆ. ನಗಬೇಡಿ ಅಕ್ಕ.”

“ನಗ್ತಿಲ್ಲ. ಕೂಗಿದ್ದು ಏನೂ ಕೇಳಿಸ್ಲಿಲ್ವಾ?”

ಲೈಲಿ ಸೆರಗಿನಂಥ ತನ್ನ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಕಾಡಲ್ಲಿ ಕೇಳಿದ್ದನ್ನ ಮನೆ ಮುಟ್ಟೋವರೆಗೂ ಬಾಯಿ ಬಿಡಬಾರದು.”

“ಮನೆ ಮುಟ್ಟಿ ಆಯ್ತಲ್ಲಮ್ಮ.”

“ಮೂರನೇ ಹೊಳೆ ಹತ್ರ ಅಲ್ಲ. ಇನ್ನೂ ಮೇಲೆ, ಬಿದ್ದ ಮರ ಇದೆಯಲ್ಲ, ಅಲ್ಲಿ. ಹಿಂದಿಂದ ಒಂದು ಗಂಡು ದನಿ. ‘ಮೆಲೂರ್, ಮೆಲೂರ್’ ಅಂತ. ನಮ್ಮಲ್ಲಿ ಆ ಹೆಸರಿನವರೇ ಇಲ್ಲ ಅಕ್ಕ. ತಿರುಗಿ ನೋಡದೆ ಓಡಿದೆ.”

ಆ ಹೆಸರು ಕೇಳಿದ್ದೇ ಜಮಿಯಾನ್ ದಾಖಲೆ ಕೋಣೆಯಿಂದ ಎರಡು ವರ್ಷದ ಹಿಂದಿನ ಅಸಹಜ ಸಾವಿನ ಕಡತ ತಂದ. ಮೃತಳು ಮೆಲೂರ್, ವಯಸ್ಸು ಹತ್ತೊಂಬತ್ತು, ರಿದುವಾನನ ಮಗಳು. ತಂದೆ ಆಗ ಸಮುದ್ರದ ಮೇಲಿದ್ದ. ಶವ ಸಿಕ್ಕಿದ್ದು ಬಿದ್ದ ಮರದ ಕೆಳಗಿನ ಕಣಿವೆಯಲ್ಲಿ. ತಂಡದ ಮುಂದಾಳು ಹಸ್ರುಲ್‌ನ ಹೇಳಿಕೆ ಹೀಗಿತ್ತು: ‘ಪದ್ಧತಿಯಂತೆ ಮೂರು ಸಲ ಕೂ ಎಂದೆವು. ಉತ್ತರ ಬರಲಿಲ್ಲ. ಹೊತ್ತಾಗಿದ್ದರಿಂದ ಇಳಿದೆವು.’

ಅವಳಿಗೆ ಅದೇ ಮೊದಲ ಬೆಟ್ಟ. ಆ ಕಾಡಿನಲ್ಲಿ ಸಿಯಾಮಂಗ್ ಎಂಬ ಕೋತಿಗಳೂ ಕೂ ಎಂದೇ ಕೂಗುತ್ತವೆ; ಕರೆದದ್ದು ಮನುಷ್ಯರೋ ಕೋತಿಗಳೋ ಅವಳಿಗೆ ಹೇಗೆ ತಿಳಿಯಬೇಕು?

ಹತ್ತೂಕಾಲಿಗೆ ಹೊರಟ ಪೊಲೀಸ್ ತಂಡ ಜಿಗಣೆ ಕೀಳುತ್ತ, ಬೇರು ಹಿಡಿದು ಹತ್ತುತ್ತ, ಎರಡು ಐವತ್ತಕ್ಕೆ ಬಿದ್ದ ಮರ ಮುಟ್ಟಿತು. ಮಧ್ಯಾಹ್ನವೇ ಕತ್ತಲು ಕವಿದಂತಿತ್ತು. ದೂರದಲ್ಲಿ ಗುಡುಗು. ದಾರಿ ತೋರಲು ಬಂದಿದ್ದ ಅರಣ್ಯ ಕಾವಲುಗಾರ ಮೂರು ಸಲ ಕೂ ಎಂದ. ಎಲ್ಲಿಂದಲೋ ಕೋತಿಗಳು ಕೂ ಎಂದವು. ಮತ್ತೆ ನಿಶ್ಶಬ್ದ. ಮೊದಲ ಹನಿಗಳು ಎಲೆಗಳ ಮೇಲೆ ಬಿದ್ದವು.

ರೊಹಾನಿ ಅಂಚಿಗೆ ಬಂದು ನಿಂತರು.

“ಬೇಡ ಮೇಡಂ,” ಕಾವಲುಗಾರ ಅವರ ತೋಳು ಮುಟ್ಟುವಷ್ಟು ಹತ್ತಿರ ಬಂದ. “ಕೈ ಮುಗೀತೀನಿ, ಹೆಸರು ಬೇಡ.”

“ಹಸ್ರುಲ್!”

ಕಾಡು ಒಂದು ಕ್ಷಣ ಕಿವಿಗೊಟ್ಟಂತಿತ್ತು.

“ಇಲ್ಲಿ!” ಕೆಳಗಿನಿಂದ ಸೀಳಿದ ದನಿ ಬಂತು. “ಇಲ್ಲಿದೀನಿ!”

ಹಗ್ಗ ಬಿಟ್ಟು ಮೇಲೆತ್ತಿದಾಗ ಅವನ ಕಣಕಾಲು ಮುರಿದಿತ್ತು. ಕೆಳಗೆ ಯಾರೋ ಬಿದ್ದು ನರಳುತ್ತಿದ್ದಾರೆ ಎಂದು ನಂಬಿಸಿ ರಿದುವಾನ್ ಅವನನ್ನು ಇಳಿಸಿ, ಅರ್ಧದಲ್ಲೇ ಹಗ್ಗ ಬಿಟ್ಟಿದ್ದ.

“ರಾತ್ರಿಯೆಲ್ಲ ಕೂ ಕೂ ಅಂತಿತ್ತು. ಮೊದಲು ಉತ್ತರ ಕೊಟ್ಟೆ,” ಎಂದ ಹಸ್ರುಲ್. “ಆಮೇಲೆ ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡೆ. ಈಗ ನೀವು ಮೊದಲು ಕೂ ಅಂದದ್ದೂ ಅದೇ ಅನ್ಕೊಂಡೆ.”

ಹದಿನೈದು ನಿಮಿಷಕ್ಕೆ ಕಣಿವೆಯಲ್ಲಿ ಕೆಂಪು ನೀರು ಮೊರೆಯುತ್ತಿತ್ತು.

ಪಂಚನಾಮೆಯಲ್ಲಿ ಹನ್ನೊಂದು ಮೀಟರ್ ಹಗ್ಗದ ಜೊತೆ ಇನ್ನೊಂದು ವಸ್ತುವೂ ದಾಖಲಾಯಿತು: ರಿದುವಾನನ ಹೆಸರಿದ್ದ ಮಳೆಯಂಗಿ. ಮೇಲಿಂದ ಎಸೆದದ್ದು. ಯಾಕೆ ಎಸೆದೆ ಎಂದು ಆಮೇಲೆ ಎಷ್ಟು ಕೇಳಿದರೂ ಅವನು ಹೇಳಲಿಲ್ಲ.

ಸಂಜೆ ಏಳು ಇಪ್ಪತ್ತಕ್ಕೆ ಅವನ ಮನೆ ಬಾಗಿಲು ತಟ್ಟಿದಾಗ ಅವನು ಎರಡು ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತಿದ್ದ. ಒಂದರಲ್ಲಿ ಏನೂ ಬಡಿಸಿರಲಿಲ್ಲ.

“ಬದುಕಿದಾನಾ?”

“ಬದುಕಿದಾನೆ.”

“ಹೇಗೆ ಸಿಕ್ಕಿದ?”

“ಹೆಸರು ಹಿಡಿದು ಕೂಗಿದ್ವಿ,” ಎಂದರು ರೊಹಾನಿ.

ರಿದುವಾನ್ ಮಗಳ ಖಾಲಿ ತಟ್ಟೆಯನ್ನು ಮೆಲ್ಲನೆ ಬೋರಲು ಹಾಕಿದ.

“ಅವಳಿಗೂ ಅಷ್ಟೇ ಸಾಕಾಗಿತ್ತು,” ಎಂದು ಹೇಳಿ ಎದ್ದು, ಎರಡೂ ಕೈ ಮುಂದೆ ಚಾಚಿದ.

ಜಮಿಯಾನ್ ಬೇಡಿಯನ್ನು ಜೇಬಿನಲ್ಲೇ ಇಟ್ಟುಕೊಂಡ. “ಮೊದಲು ಕೈ ತೊಳ್ಕೊಳಿ ಅಣ್ಣ,” ಎಂದು ನೀರಿನ ಚೊಂಬು ಎತ್ತಿ ಹಿಡಿದ.