ಎರಡನೆಯ ಕೀಲಿಕೈ

"ಮಕ್ಕಳಿರೋ ಮನೇಲಿ ಇಷ್ಟೊಂದು ಬೀಗ ಒಳ್ಳೇದಲ್ಲ ಮೇಡಂ" ಎಂದರು ಬೀಗದ ಅಂಗಡಿಯವರು, ತಲೆ ಎತ್ತದೆ.

ನಾನಿನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ. ಒಂಬತ್ತು ಚಿಕ್ಕ ಬೀಗ ಬೇಕು, ಮಕ್ಕಳ ಮನೆಗೆ, ಕ್ರಿಸ್‌ಮಸ್‌ಗೆ ಮೊದಲು ಎಂದಷ್ಟೇ ಹೇಳಿದ್ದೆ. ಅಪ್ಪ ಅಮ್ಮ ಇಲ್ಲದ, ಇದ್ದೂ ಇಲ್ಲದ ಒಂಬತ್ತು ಮಕ್ಕಳ ಮನೆ ಅದು. ಏಳು ವರ್ಷದಿಂದ ಅಲ್ಲೇ ಇದ್ದು ಅವರನ್ನು ನೋಡಿಕೊಳ್ಳುವವಳು ನಾನು, ಎಲ್ಲರಿಗೂ ಅಕ್ಕ. ಕಪಾಟಿಗೆಲ್ಲ ಬೀಗ ಜಡಿದು ಮಕ್ಕಳನ್ನು ಆಚೆ ನಿಲ್ಲಿಸುವ ಹೆಂಗಸು ಎಂದು ಈ ಮನುಷ್ಯ ಆಗಲೇ ತೀರ್ಮಾನ ಮಾಡಿಯಾಗಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೀಗದ ಜೊತೆ ಬುದ್ಧಿವಾದವನ್ನೂ ಮಾರುತ್ತೀರಾ ಎಂದು ಕೇಳಿಬಿಟ್ಟೆ.

ಆಗ ತಲೆ ಎತ್ತಿದರು. ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಹಾಗೇ ಇತ್ತು. ಆ ಕಣ್ಣು ಇನ್ನೊಂದರ ಎರಡರಷ್ಟು ಕಾಣುತ್ತಿತ್ತು, ಮತ್ತು ಅದು ತಬ್ಬಿಬ್ಬಾದದ್ದು ಸ್ಪಷ್ಟವಾಗಿ ಕಂಡಿತು. ನಾನು ನಗು ನುಂಗಿಕೊಂಡೆ.

"ಮಕ್ಕಳಿಂದ ಬಚ್ಚಿಡೋಕಲ್ಲ. ಮಕ್ಕಳಿಗೇ ಕೊಡೋಕೆ" ಎಂದೆ. "ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಒಂದೊಂದು ಬೀಗ. ಅದೇ ಉಡುಗೊರೆ."

ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಸ್ಟೂಲನ್ನು ನನ್ನ ಕಡೆ ತಳ್ಳಿದರು. ನಾನು ಕೂತು ಎಲ್ಲವನ್ನೂ ಹೇಳಿದೆ.

ಹೋದ ವರ್ಷದ ಕ್ರಿಸ್‌ಮಸ್‌ಗೆ ಯಾರೋ ಪುಣ್ಯಾತ್ಮರು ಒಂದು ವ್ಯಾನು ತುಂಬ ಆಟಿಕೆ ಕಳಿಸಿದ್ದರು. ವಾರದೊಳಗೆ ಗಾಡಿಯ ಚಕ್ರ ಒಂದು ಕಡೆ, ಗೊಂಬೆಯ ತಲೆ ಒಂದು ಕಡೆ. ಎಲ್ಲರದೂ ಆದದ್ದು ಯಾರದೂ ಆಗಿರಲಿಲ್ಲ. ಈ ಸಲ ಏನು ಕೊಡಲಿ ಎಂದು ತಲೆ ಕೆಡಿಸಿಕೊಂಡಿದ್ದಾಗ, ಒಂದು ಬೆಳಿಗ್ಗೆ ಗುಬ್ಬಿಗೆ ಸ್ನಾನ ಮಾಡಿಸುತ್ತಿದ್ದೆ. ಗುಬ್ಬಿ ಎಂದರೆ ಏಳು ವರ್ಷದ ಹುಡುಗಿ, ಮಾತು ಕಡಿಮೆ. ಅವತ್ತು ಬಾಯಿಯನ್ನೇ ಬಿಡಲಿಲ್ಲ. ಗದರಿಸಿ ಬಾಯಿ ತೆರೆಸಿದರೆ ನಾಲಿಗೆಯ ಕೆಳಗೆ ಒಂದು ನೀಲಿ ಗುಂಡಿ, ಯಾವುದೋ ದೊಡ್ಡವರ ಕೋಟಿನದು. ಬಾಯಲ್ಲಿ ಯಾಕಿಟ್ಟುಕೊಂಡೆ ಎಂದು ಕೇಳಿದೆ. ಬೇರೆ ಎಲ್ಲೂ ಜಾಗ ಇಲ್ಲವಲ್ಲ ಎಂದಳು. ಅಷ್ಟು ಸಲೀಸಾಗಿ ಹೇಳಿದಳು. ಏಳು ವರ್ಷ ಅವರ ಊಟ, ಬಟ್ಟೆ, ಜ್ವರ, ಹಲ್ಲುನೋವು ಎಲ್ಲ ನೋಡಿದ್ದೆ, ಇದೊಂದನ್ನು ನೋಡಿರಲಿಲ್ಲ.

ಬೀಗದವರು ಒಂದು ರಟ್ಟಿನ ಡಬ್ಬಿ ತೆಗೆದು ಹೊಚ್ಚ ಹೊಸ ಪುಟ್ಟ ಬೀಗಗಳನ್ನು ಸಾಲಾಗಿಟ್ಟರು. ಒಂದರ ಕೀಯಿಂದ ಪಕ್ಕದ್ದನ್ನು ತೆರೆದರು, ಅದರ ಪಕ್ಕದ್ದನ್ನೂ ತೆರೆದರು. ಸಣ್ಣ ಬೀಗಗಳ ಹಣೆಬರಹವೇ ಇಷ್ಟು, ಡಬ್ಬಿಗೆಲ್ಲ ಮೂರೋ ನಾಲ್ಕೋ ಬಗೆಯ ಕೀ ಎಂದರು. ಒಳಗಿನ ಪಿನ್ನುಗಳನ್ನು ಬಿಚ್ಚಿ, ಅದಲುಬದಲು ಮಾಡಿ, ಕೀಗೆ ಹೊಸದಾಗಿ ಹಲ್ಲು ಕತ್ತರಿಸಿದರೆ ಮಾತ್ರ ಒಂಬತ್ತೂ ಬೇರೆ ಬೇರೆ ಆಗುತ್ತವಂತೆ.

"ನಿಮಗೆ ಒಂದು ಮಾಸ್ಟರ್ ಕೀ ಮಾಡಬೇಕಲ್ಲ?" ಎಂದು ಕೇಳಿದರು. ಹಾಸ್ಟೆಲಿನವರು, ಆಫೀಸಿನವರು ಎಲ್ಲರೂ ಮೊದಲು ಕೇಳುವುದು ಅದನ್ನೇ ಅಂತೆ.

"ನನಗೆ ಬೇಡ."

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಸಲ ಭೂತಗನ್ನಡಿ ಇರಲಿಲ್ಲ, ಆದರೂ ಕಣ್ಣು ದೊಡ್ಡದಾಗಿತ್ತು.

ಮಕ್ಕಳು ಶಾಲೆಗೆ ಹೋದ ಮೇಲೆ ದಿನಾ ಒಂದು ಗಂಟೆ ಅಂಗಡಿಗೆ ಹೋಗತೊಡಗಿದೆ. ಅವರು ಚಿಮಟದಲ್ಲಿ ಸಾಸಿವೆಯಷ್ಟು ಸಣ್ಣ ಪಿನ್ನುಗಳನ್ನು ಎತ್ತಿಡುವಾಗ ನಾನು ಟಾರ್ಚ್ ಹಿಡಿಯಬೇಕು. ಉಸಿರು ಬಿಡಬೇಡಿ, ಪಿನ್ನು ಹಾರಿಹೋಗುತ್ತೆ ಎನ್ನುತ್ತಿದ್ದರು. ಅವರ ಕಿವಿಯ ಹಿಂದೆ ನಾಲ್ಕೈದು ನರೆಗೂದಲು, ಹೆಬ್ಬೆರಳಿನ ಮೇಲೆ ಕೀ ಉಜ್ಜುವ ಅರದ ಗೀರು. ಉಸಿರು ಬಿಡದಿರುವುದು ನನಗೇನೂ ಕಷ್ಟವಾಗಲಿಲ್ಲ.

ಒಂಬತ್ತೂ ಸಿದ್ಧವಾದ ದಿನ ಪರೀಕ್ಷೆ. ಪ್ರತಿ ಕೀಯನ್ನೂ ಪ್ರತಿ ಬೀಗಕ್ಕೂ ಹಾಕಿ ನೋಡಬೇಕು, ಒಟ್ಟು ಎಂಬತ್ತೊಂದು ಸಲ. ಒಂಬತ್ತು ಸಲ ಮಾತ್ರ ತೆರೆಯಬೇಕು. ಅವರು ತಿರುಗಿಸುವುದು, ನಾನು ಕಾಗದದಲ್ಲಿ ಗುರುತು ಹಾಕುವುದು. ತೆರೆಯದಿದ್ದಾಗ ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದೆವು. ಜೀವಮಾನದಲ್ಲಿ ಮೊದಲ ಸಲ ಬೀಗ ತೆರೆಯದೆ ಇರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ, ಅಪ್ಪ ಇದ್ದಿದ್ದರೆ ಅಂಗಡಿಯಿಂದ ಓಡಿಸುತ್ತಿದ್ದರು ಎಂದು ಅವರು ನಕ್ಕರು. ನಾಲ್ಕನೆಯ ಕೀ ಒಂಬತ್ತನೆಯ ಬೀಗಕ್ಕೂ ಹೊಂದಿಬಿಟ್ಟಿತು. ಛೆ ಎಂದು ಅದನ್ನು ಕಸದ ಬುಟ್ಟಿಗೆ ಎಸೆದು, ಎರಡೂ ಬೀಗಗಳನ್ನು ಮತ್ತೆ ಬಿಚ್ಚಿ ಪಿನ್ನು ಬದಲಿಸಿದರು.

ಅವರು ಅತ್ತ ತಿರುಗಿದ್ದಾಗ ನಾನು ಬುಟ್ಟಿಗೆ ಕೈ ಹಾಕಿ, ಇನ್ನು ಯಾವ ಬೀಗಕ್ಕೂ ಆಗದ ಆ ಕೀಯನ್ನು ಎತ್ತಿ ಪರ್ಸಿಗೆ ಹಾಕಿಕೊಂಡೆ. ಮೂವತ್ತೈದು ವರ್ಷದ ಹೆಂಗಸು ಕಸದಿಂದ ಕದಿಯುವುದು. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳುವ ಧೈರ್ಯ ಬರಲಿಲ್ಲ.

ಮರುದಿನವೇ ಜಗಳ. ಅವರ ಬೆನ್ನ ಹಿಂದೆ ಗೋಡೆ ತುಂಬ ಮೊಳೆಗಳು, ಮೊಳೆಗೊಂದು ಕೀ, ಕೀಗೊಂದು ಚೀಟಿ. ಈ ಅಂಗಡಿಯಲ್ಲಿ ತಯಾರಾದ ಪ್ರತಿ ಕೀಗೂ ಒಂದು ಜೋಡಿ ಅಲ್ಲಿ ನೇತಾಡುತ್ತಿತ್ತು. ಅಪ್ಪನ ಕಾಲದಿಂದ ಬಂದ ಪದ್ಧತಿ. ನಮ್ಮ ಒಂಬತ್ತಕ್ಕೂ ಹೊಸ ಮೊಳೆ ಹೊಡೆಯುತ್ತಿದ್ದರು.

ಇವು ಯಾರ ಗೋಡೆಯ ಮೇಲೂ ಇರಕೂಡದು ಎಂದೆ. ಮಕ್ಕಳು ಕೀ ಕಳೆದುಕೊಂಡರೆ ಎಂದರು. ಕಳೆದರೆ ಕಳೆಯಲಿ, ಬೀಗ ಒಡೆದರಾಯಿತು ಎಂದೆ. ಅವರ ಮುಖ ಬಿಗಿಯಿತು. ಅಮ್ಮ ತೀರಿಕೊಂಡಾಗ ಅವಳ ಪೆಟ್ಟಿಗೆಯ ಕೀ ಸಿಗಲಿಲ್ಲವಂತೆ. ಅಪ್ಪ, ಊರಿಗೆಲ್ಲ ಬೀಗ ತೆರೆದುಕೊಡುವ ಅಪ್ಪ, ಅವತ್ತು ಕೈ ನಡುಗಿ ಸುತ್ತಿಗೆಯಿಂದ ಒಡೆದರಂತೆ. ಒಳಗಿದ್ದ ಕನ್ನಡಿಯೂ ಚೂರಾಯಿತು.

"ಅವತ್ತಿಂದ ಈ ಅಂಗಡಿಯಿಂದ ಒಂಟಿ ಕೀ ಹೋಗಲ್ಲ" ಎಂದರು.

ನಾನು ಎದ್ದು ಬಂದೆ. ಅವರದು ತಪ್ಪಲ್ಲ, ನನ್ನದೂ ತಪ್ಪಲ್ಲ, ಹಾಗಾಗಿ ರಾಜಿಗೂ ದಾರಿ ಕಾಣಲಿಲ್ಲ. ಎರಡು ದಿನ ಅತ್ತ ತಲೆ ಹಾಕಲಿಲ್ಲ. ಆ ಎರಡು ದಿನ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅಡುಗೆಯ ಅಜ್ಜಿ ಸೌಟು ಕಸಿದುಕೊಂಡು, ಆ ಬೀಗದವರು ಒಂಟಿ ಜೀವವಂತೆ ಕಣೆ, ನಾನು ವಿಚಾರಿಸಿದ್ದೀನಿ ಎಂದಳು. ನಾನು ಕೇಳಿಸದವಳಂತೆ ಪಾತ್ರೆ ಉಜ್ಜಿದೆ.

ಮೂರನೆಯ ದಿನ ಮಧ್ಯಾಹ್ನ ಅವರೇ ಬಂದರು, ಬಟ್ಟೆಯ ಗಂಟು ಹಿಡಿದುಕೊಂಡು. ಎಲ್ಲವನ್ನೂ ನನ್ನ ಕೋಣೆಯಲ್ಲಿಡಿ ಎಂದೆ. ಬಾಗಿಲಲ್ಲೇ ನಿಂತರು. ಅಭ್ಯಾಸಬಲ, ಮೊದಲು ನೋಡಿದ್ದು ಬಾಗಿಲನ್ನು. ಚಿಲಕ ಇದ್ದ ಜಾಗದಲ್ಲಿ ಬರೀ ನಾಲ್ಕು ತೂತು. ಕೆಟ್ಟ ಕನಸು ಬಿದ್ದ ಮಕ್ಕಳು ಸೀದಾ ಒಳಗೆ ಬರಲಿ ಎಂದು ಬಂದ ವರ್ಷವೇ ತೆಗೆಸಿದೆ ಎಂದು ಹೇಳಿದೆ.

"ಹಾಗಾದ್ರೆ ನಿಮ್ಮದನ್ನ ಎಲ್ಲಿಡ್ತೀರಿ?"

ನನ್ನದು ಅಂತ ಏನಿದೆ ಎಂದು ನಕ್ಕೆ. ಅವರು ನಗಲಿಲ್ಲ. ಗಂಟು ಬಿಚ್ಚಿದರು. ಪ್ರತಿ ಬೀಗಕ್ಕೂ ಎರಡೆರಡು ಕೀ, ಒಂದೊಂದನ್ನೂ ಒಂದೊಂದು ಉದ್ದನೆಯ ದಾರಕ್ಕೆ ಪೋಣಿಸಿದ್ದರು.

"ಎರಡೂ ಮಕ್ಕಳಿಗೇ ಇರಲಿ" ಎಂದರು. "ಎರಡನೇದು ಯಾರ ಹತ್ರ ಇರಬೇಕು ಅನ್ನೋದನ್ನ ಅವರೇ ಆರಿಸ್ಲಿ. ಯಾರಿಗೂ ಬೇಡ ಅಂದ್ರೆ ಅದೂ ಸರಿ. ಗೋಡೆ ಮೇಲಿನ ಒಂಬತ್ತು ಮೊಳೆ ಕಿತ್ತುಹಾಕಿದೆ."

ನಾನು ದಾರಗಳನ್ನು ಹಿಡಿದು ನಿಂತುಬಿಟ್ಟೆ. ನನಗೂ ಹೊಳೆಯದಿದ್ದದ್ದು ಇವರಿಗೆ ಹೇಗೆ ಹೊಳೆಯಿತು? ಈ ಮನುಷ್ಯನ ಮೇಲೆ ನನಗೆ ಪ್ರೀತಿಯಾಗಿದೆ ಎಂದು ಆ ಕ್ಷಣ ಗೊತ್ತಾಯಿತು, ಚಿಲಕವಿಲ್ಲದ ಬಾಗಿಲಲ್ಲಿ, ಹಾಡು ಹಗಲೇ.

ಕೊನೆಯ ಸಲ ಪರೀಕ್ಷಿಸಬೇಕೆಂದು ಬೀಗ, ಕೀ ಎಲ್ಲವನ್ನೂ ಅಂಗಡಿಗೆ ಒಯ್ದಿದ್ದ ಬೀಗದವರು ಕ್ರಿಸ್‌ಮಸ್ ಬೆಳಿಗ್ಗೆ ಅವುಗಳ ಜೊತೆ ಬಂದರು. ಖಾಲಿ ಪೆಟ್ಟಿಗೆ ಕೊಟ್ಟರೆ ಮಕ್ಕಳು ಅಳುತ್ತವೆ ಎಂದು ಅಜ್ಜಿ ವಾರದಿಂದ ಹೇಳುತ್ತಲೇ ಇದ್ದಳು. ಕಿಟಕಿಯಲ್ಲಿ ಕಾಗದದ ನಕ್ಷತ್ರ, ಅದರ ಕೆಳಗೆ ಪುಸ್ತಕದಷ್ಟು ದೊಡ್ಡ ಒಂಬತ್ತು ತಗಡಿನ ಪೆಟ್ಟಿಗೆ. ಮಕ್ಕಳು ಮುಚ್ಚಳ ತೆರೆದರು. ಒಳಗೆ ಏನೂ ಇಲ್ಲ. ಒಂಬತ್ತೂ ಮುಖ ನನ್ನತ್ತ ತಿರುಗಿದವು.

ಬೀಗದವರು ನೆಲದ ಮೇಲೆ ಅವರ ಸಮಕ್ಕೆ ಕೂತರು. "ಇದಕ್ಕೆ ಎರಡೇ ಕೀ. ಎರಡೂ ನಿಮ್ಮವೇ. ನನ್ನ ಹತ್ರ ಇಲ್ಲ, ಅಕ್ಕನ ಹತ್ರಾನೂ ಇಲ್ಲ."

ಎಲ್ಲದಕ್ಕೂ ವಾದ ಹೂಡುವ ಹತ್ತು ವರ್ಷದ ಹುಡುಗನಿಗೆ ನಾವು ವಕೀಲ ಎನ್ನುತ್ತೇವೆ. ಒಳಗೇನಿದೆ ಅಂತ ಅಕ್ಕ ಕೇಳಲ್ವಾ ಎಂದು ಪಾಟೀಸವಾಲು ಹಾಕಿದ. ಕೇಳಲ್ಲ ಎಂದೆ. ಕಸ ಗುಡಿಸೋವಾಗಲೂ? ಆಗಲೂ ಕೇಳಲ್ಲ ಎಂದೆ. ವಕೀಲ ವಾದವನ್ನು ಅಲ್ಲಿಗೇ ಬಿಟ್ಟು ಪೆಟ್ಟಿಗೆ ಎತ್ತಿಕೊಂಡ. ಅದು ಆ ಮನೆಯಲ್ಲಿ ಮೊದಲ ಸಲ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ಮಕ್ಕಳು ಸದ್ದಿಲ್ಲದೆ ಚದುರಿದರು. ಹಾಸಿಗೆಯ ಅಡಿಯಿಂದ, ಶೂಗಳ ಒಳಗಿನಿಂದ, ಕಿಟಕಿಯ ಸಂದಿಯಿಂದ, ಬಟ್ಟೆಯ ಮಡಿಕೆಯಿಂದ ಮುಷ್ಟಿ ಬಿಗಿಹಿಡಿದು ಏನೇನೋ ತಂದರು. ಇಷ್ಟು ವರ್ಷ ನಾನೇ ಗುಡಿಸಿದ ಮನೆ. ಇಷ್ಟೆಲ್ಲ ಅದರಲ್ಲಿ ಇತ್ತೇ? ಒಬ್ಬೊಬ್ಬರೂ ಒಂದೊಂದು ಮೂಲೆಗೆ ಬೆನ್ನು ಮಾಡಿ ಕೂತರು. ಟಿಕ್. ಮತ್ತೊಂದು ಕಡೆಯಿಂದ ಟಿಕ್. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಕಣ್ಣು ಪಿಳುಕಿಸದೆ ನಿಂತಿದ್ದಳು. ನಾನು ಮನಸ್ಸಿನಲ್ಲೇ ಒಂಬತ್ತು ಟಿಕ್ ಎಣಿಸಿದೆ.

ಎರಡನೆಯ ಕೀಗಳು ನಿಧಾನವಾಗಿ ಹೊರಟವು. ವಕೀಲ ತನ್ನದನ್ನು, ತನ್ನೊಂದಿಗೆ ಇಡೀ ವರ್ಷ ಜಗಳವಾಡಿದ ಹುಡುಗನ ಕೊರಳಿಗೆ ಹಾಕಿ, ಕಾಯ್ಕೋ ಎಂದ. ಎಲ್ಲರಿಗಿಂತ ಕಿರಿಯವನು ಎರಡನೆಯದನ್ನು ಪೆಟ್ಟಿಗೆಯ ಒಳಗೇ ಇಟ್ಟು ಬೀಗ ಹಾಕಿದ, ಆಮೇಲೆ ಅದು ಇದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡಿದ. ಗುಬ್ಬಿ ನೇರವಾಗಿ ಬಂದಳು. ನಾನು ಕೈ ಮುಂದೆ ಮಾಡಿಯೂ ಬಿಟ್ಟಿದ್ದೆ. ಅವಳು ನನ್ನನ್ನು ದಾಟಿ ಹೋಗಿ ಅಡುಗೆಯ ಅಜ್ಜಿಯ ಕೈಯಲ್ಲಿ ಕೀ ಇಟ್ಟಳು. ದಿನಾ ಬೈಯುವ ಅಜ್ಜಿ ಸೌಟನ್ನು ಅಲ್ಲೇ ಬಿಟ್ಟು ಅತ್ತುಬಿಟ್ಟಳು.

ನನಗೆ ಯಾರೂ ಕೊಡಲಿಲ್ಲ. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಬೆರಗಿನ ಮುಂದೆ ಅದು ನಿಲ್ಲಲಿಲ್ಲ. ಒಂಬತ್ತು ಮಕ್ಕಳು ನನ್ನನ್ನು ಕೇಳದೆ, ನನ್ನ ಮುಖ ನೋಡದೆ, ತಮ್ಮದನ್ನು ಯಾರಿಗೆ ಕೊಡಬೇಕೆಂದು ತಾವೇ ತೀರ್ಮಾನಿಸುತ್ತಿದ್ದರು.

"ಇನ್ನೊಂದಿದೆ" ಎಂದರು ಬೀಗದವರು ನನ್ನ ಪಕ್ಕದಲ್ಲಿ. ಚೀಲದಿಂದ ಹತ್ತನೆಯ ಪೆಟ್ಟಿಗೆ ತೆಗೆದರು. "ನಿಮ್ಮದು. ಬೇರೆ ಯಾವ ಕೀಗೂ ತೆಗೆಯಲ್ಲ. ಎಲ್ಲಾನೂ ಮತ್ತೆ ಹಾಕಿ ನೋಡಿದೀನಿ. ನೂರು ಸಲ."

ಟಾರ್ಚ್ ಯಾರು ಹಿಡಿದರು ಎಂದು ಕೇಳಿದೆ. ಹಲ್ಲಲ್ಲಿ ಕಚ್ಚಿಕೊಂಡಿದ್ದೆ ಎಂದರು.

ನಾನು ಕೋಣೆಗೆ ಹೋಗಿ, ಮಕ್ಕಳ ಹಾಗೇ ಬೆನ್ನು ಮಾಡಿ ಕೂತು, ಪರ್ಸಿನಲ್ಲಿದ್ದದ್ದನ್ನು ಪೆಟ್ಟಿಗೆಗೆ ಹಾಕಿ ಬೀಗ ಒತ್ತಿದೆ. ಟಿಕ್. ನನ್ನದು ಎನ್ನುವ ಸದ್ದು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಿರುಗಿದರೆ ಅವರು ಹೊಸ್ತಿಲಾಚೆ ನಿಂತಿದ್ದರು. ಏನಿಟ್ಟಿರಿ ಎಂದು ಕೇಳಲಿಲ್ಲ. ನಾನು ನನ್ನ ಎರಡೂ ಕೀ ಕಟ್ಟಿದ್ದ ದಾರದಿಂದ ಎರಡನೆಯದನ್ನು ಬಿಡಿಸಿ ಮುಂದೆ ಹಿಡಿದೆ.

"ಗೋಡೆಗೆ ಹಾಕಬಾರದು" ಎಂದೆ.

"ಹಾಕಲ್ಲ."

"ಈಗಲೇ ತೆಗೆದು ನೋಡಬಹುದು."

ಅವರು ಒಳಗೆ ಬಂದು ಮೊಣಕಾಲೂರಿ ಕೂತರು. ದಿನಕ್ಕೆ ಇಪ್ಪತ್ತು ಬೀಗ ತೆರೆಯುವ ಕೈ ಇದೊಂದಕ್ಕೆ ಎರಡು ಸಲ ತಪ್ಪಿತು. ಮುಚ್ಚಳ ಎತ್ತಿ, ಒಳಗಿದ್ದ ಕೀಯನ್ನು ಬೆಳಕಿಗೆ ಹಿಡಿದು, ಅದರ ಹಲ್ಲುಗಳನ್ನು ನೋಡಿದರು. ಅವರಿಗೆ ಚೀಟಿ ಬೇಕಾಗಲಿಲ್ಲ.

"ನಾಲ್ಕಕ್ಕೂ ಒಂಬತ್ತಕ್ಕೂ ಆಗ್ತಿದ್ದದ್ದು. ನಾನು ಎಸೆದಿದ್ದು."

"ಹೌದು."

"ಅವತ್ತಿಂದಲೇ?"

"ಅವತ್ತಿಂದಲೇ" ಎಂದೆ.

ಅವರು ಆ ಕೀಯನ್ನು ಮೊದಲಿದ್ದ ಹಾಗೇ ಇಟ್ಟು, ಮುಚ್ಚಳ ಮುಚ್ಚಿ, ಬೀಗ ಹಾಕಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ತಮ್ಮ ಕೀಗೆ ದಾರ ಬೇಕೆಂದು ಜೇಬೆಲ್ಲ ತಡಕಾಡಿದರು, ಸಿಗಲಿಲ್ಲ. ಯಾವಾಗಿನಿಂದಲೋ ಬಾಗಿಲಲ್ಲಿ ನಿಂತಿದ್ದ ಗುಬ್ಬಿ ತನ್ನ ಜಡೆಯ ರಿಬ್ಬನ್ನು ಬಿಚ್ಚಿ ಕೊಟ್ಟಳು. ಅವರು ಅದಕ್ಕೆ ಕೀಯನ್ನು ಪೋಣಿಸಿ, ತಲೆ ಬಗ್ಗಿಸಿ, ನನ್ನ ಕೈಯಿಂದಲೇ ಕೊರಳಿಗೆ ಕಟ್ಟಿಸಿಕೊಂಡರು.